ಕುಚೋದ್ಯದ ಹೊಟ್ಟೆಯೊಳಗಿನ ಪ್ರಶ್ನೆ

ಗಂಭೀರವಾಗಿ ಮುಖ ಮಾಡಿಕೊಂಡು ಯಾರಾದರೂ ಎರಡರ್ಥದ ಮಾತು ತೇಲಿಬಿಟ್ಟರೆ ‘ಶುರುವಾಯ್ತು ಇವನ ಕುಚೋದ್ಯ’ ಎನ್ನುತ್ತೇವೆ. ಆ ಗದರಿಕೆಯಲ್ಲಿ ಅರ್ಧ ಮೆಚ್ಚುಗೆಯೂ ಇರುತ್ತದೆ. ಈ ಪದದ ಮೂಲ ಹುಡುಕಿ ಹೊರಟರೆ ಮಾತ್ರ ಸಿಗುವುದು ಶಾಸ್ತ್ರವಾದ.

ಸಂಸ್ಕೃತದ ‘ಚುದ್’ ಧಾತುವಿಗೆ ಮುಂದಕ್ಕೆ ನೂಕು, ಪ್ರೇರೇಪಿಸು ಎಂಬ ಅರ್ಥ. ‘ಪ್ರಚೋದನೆ’ಯೂ ಅಲ್ಲಿಂದಲೇ ಬಂದದ್ದು. ಶಾಸ್ತ್ರಗ್ರಂಥಗಳಲ್ಲಿ ‘ಚೋದ್ಯ’ ಎಂದರೆ ಪ್ರತಿವಾದಿ ಎತ್ತುವ ಆಕ್ಷೇಪ; ಅದಕ್ಕೆ ಕೊಡುವ ಉತ್ತರ ‘ಪರಿಹಾರ’. ‘ಕು’ ಸೇರಿದರೆ ಅಡ್ಡ ಪ್ರಶ್ನೆ. ಕನ್ನಡದಲ್ಲಿ ಚೋದ್ಯ ಅಚ್ಚರಿಯ ಅರ್ಥದಲ್ಲೂ, ಕುಚೋದ್ಯ ತುಂಟ ನಗೆಯ ಅರ್ಥದಲ್ಲೂ ನೆಲೆಯಾದವು. ಆದರೆ ಹಳೆಯ ಆಕ್ಷೇಪ ಆ ನಗೆಯೊಳಗೆ ಇನ್ನೂ ಜೀವಂತವಾಗಿದೆ.

ಕೈಲಾಸಂ ಅವರ ‘ಟೊಳ್ಳುಗಟ್ಟಿ’ ನಾಟಕವನ್ನೇ ನೋಡಿ. ಪರೀಕ್ಷೆಯಲ್ಲಿ ಮೆರೆದ ಪುಟ್ಟು ಮನೆಯ ಕಷ್ಟಕಾಲಕ್ಕೆ ಒದಗುವುದಿಲ್ಲ. ಫೇಲಾದ ಮಾಧು ಒದಗುತ್ತಾನೆ. ಹಾಗಾದರೆ ಟೊಳ್ಳು ಯಾರು, ಗಟ್ಟಿ ಯಾರು? ನಕ್ಕು ಮುಗಿಸಿದ ಮೇಲೆ ಪ್ರಶ್ನೆ ನಮ್ಮ ಪಾಲಿಗೆ ಉಳಿಯುತ್ತದೆ. ಬೀಚಿ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಒಂದೇ ಅಕ್ಷರದ ಚೇಷ್ಟೆಯಲ್ಲಿ, ತನ್ನ ಕಥೆ ತಾನೇ ಬರೆಯುವವನ ಗತ್ತು ಇಳಿದುಹೋಯಿತು.

ವೈದ್ಯರಾಗಿದ್ದ ರಾಶಿ 1942ರಲ್ಲಿ ಆರಂಭಿಸಿದ ‘ಕೊರವಂಜಿ’ 25 ವರ್ಷ ಇದೇ ಕೆಲಸ ಮಾಡಿತು. ಅದರಲ್ಲಿ ಚಿತ್ರ ಬರೆಯುತ್ತಿದ್ದ ಮೈಸೂರಿನ ಆರ್.ಕೆ. ಲಕ್ಷ್ಮಣ್ ಮುಂದೆ ಮುಂಬಯಿ ಸೇರಿ ‘ಶ್ರೀಸಾಮಾನ್ಯ’ನನ್ನು ಕೊಟ್ಟರು. ಬಾಯಿ ತೆರೆಯದ ಆ ಚೌಕಳಿ ಕೋಟಿನವನು ಸುಮ್ಮನೆ ನಿಂತೇ ಆಳುವವರ ಮೇಲೆ ಚೋದ್ಯ ಎತ್ತುತ್ತಿದ್ದ.

ಲೇವಡಿ ಎದುರಿಗಿದ್ದವನನ್ನು ಕುಗ್ಗಿಸುತ್ತದೆ. ಕುಹಕದಲ್ಲಿ ವಿಷವಿರುತ್ತದೆ. ಕುಚೋದ್ಯ ಮಾತ್ರ ಎದುರಿಗಿದ್ದವನ ಜಾಣತನವನ್ನು ನಂಬಿ, ಅವನ ಪರಿಹಾರಕ್ಕೂ ಜಾಗ ಬಿಡುತ್ತದೆ. ಇಂದು ‘ಕಿಡಿಗೇಡಿಗಳ ಕುಚೋದ್ಯ’ ಎಂಬ ಸುದ್ದಿ ಸಾಲುಗಳಲ್ಲಿ ಈ ಪದ ದುಷ್ಕೃತ್ಯಕ್ಕೆ ಪರ್ಯಾಯವಾಗುತ್ತಿದೆ. ನಾನು ನಡೆಸುವ ಪ್ರಾಜೆಕ್ಟ್ ಮೀಟಿಂಗುಗಳಲ್ಲಿ, ‘ಸರ್, ಇದನ್ನ ಬಳಸೋರು ಯಾರಾದ್ರೂ ಇದಾರಾ?’ ಎಂದು ತುಟಿಯಂಚಿನಲ್ಲೇ ನಗುತ್ತ ಕೇಳುವ ಕಿರಿಯರು ಎಷ್ಟೋ ಸಲ ತಿಂಗಳುಗಳ ಕೆಲಸ ಉಳಿಸಿದ್ದಾರೆ. ಅವರನ್ನು ಕಿಡಿಗೇಡಿಗಳ ಸಾಲಿಗೆ ಸೇರಿಸುವ ಭಾಷೆಯಲ್ಲಿ ದೊಡ್ಡವರನ್ನು ನಗುನಗುತ್ತ ಪ್ರಶ್ನಿಸುವುದಕ್ಕೆ ಹೆಸರೇ ಉಳಿಯುವುದಿಲ್ಲ.