ಹೊಸಬರ ಸಂಬಳ ಯಾರ ಲೆಕ್ಕಕ್ಕೆ?

ಕೃತಕ ಬುದ್ಧಿಮತ್ತೆ ಬಂದ ಮೇಲೆ ಐಟಿ ಕೆಲಸಗಳ ಗತಿ ಏನು ಎಂದು ಕೇಳಿದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಎಲ್ಲ ಮುಗಿಯಿತು ಎನ್ನುವುದು ಒಂದು. ಹಿಂದೆಯೂ ಹೀಗೇ ಹೆದರಿದ್ದರು, ಕೊನೆಗೆ ಕೆಲಸ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಇತಿಹಾಸದ ಬೆಂಬಲವಿದೆ, ಹಾಗಾಗಿ ಅದು ಹೆಚ್ಚು ತೂಕದ ಮಾತಿನಂತೆ ಕೇಳಿಸುತ್ತದೆ. ಆದರೆ ಅದೇ ಇತಿಹಾಸವನ್ನು ತಲೆ ಎಣಿಸುವುದನ್ನು ಬಿಟ್ಟು ಓದಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಕೆಲಸ ಬಾರದವರನ್ನು ಸಂಬಳ ಕೊಟ್ಟು ಇಟ್ಟುಕೊಂಡು ಕಲಿಸಿದ ಯಾರಾದರೊಬ್ಬರು ಈ ಕಸುಬಿನ ಪ್ರತಿ ಘಟ್ಟದಲ್ಲೂ ಇದ್ದರು. ಒಮ್ಮೆ ಸೈನ್ಯ, ಒಮ್ಮೆ ಸರ್ಕಾರ, ಆಮೇಲೆ ವಿದೇಶಿ ಗ್ರಾಹಕ. ಯಂತ್ರ ಯಾವ ಕೆಲಸ ಕಸಿದುಕೊಂಡಿತು ಎಂಬುದಕ್ಕಿಂತ ಹೊಸಬರ ಸಂಬಳ ಯಾರ ಲೆಕ್ಕಕ್ಕೆ ಹೋಗುತ್ತಿತ್ತು ಎಂಬುದೇ ಈ ಕಸುಬಿನ ಏಳುಬೀಳುಗಳನ್ನು ಚೆನ್ನಾಗಿ ವಿವರಿಸುತ್ತದೆ ಎಂಬುದು ನನ್ನ ವಾದ.

ಮೊದಲು ಕೋಡರ್ ಎಂಬ ಹುದ್ದೆಯ ವಿಷಯ. 1947ರ ಸುಮಾರಿಗೆ ಪ್ರಿನ್ಸ್‌ಟನ್‌ನಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫಾನ್ ನಾಯ್ಮನ್ ಕಂಪ್ಯೂಟರಿಗೆ ಲೆಕ್ಕ ಒಪ್ಪಿಸುವ ಬಗೆಯನ್ನು ಹಂತಹಂತವಾಗಿ ವಿವರಿಸುವ ವರದಿಗಳನ್ನು ಬರೆದರು. ಯೋಚಿಸಿ ಯೋಜನೆ ಹಾಕುವುದು ಮೇಲಿನವರ ಕೆಲಸ, ಆ ಯೋಜನೆಯನ್ನು ಯಂತ್ರದ ಸಂಕೇತಗಳಿಗೆ ಇಳಿಸುವುದು ಗುಮಾಸ್ತರ ಕೆಲಸ ಎಂಬ ವಿಂಗಡಣೆ ಅಲ್ಲಿಂದ ಬೇರು ಬಿಟ್ಟಿತು. ಕೋಡರ್ ಚೌಕುಳಿ ಹಾಳೆಯಲ್ಲಿ ಅಕ್ಷರಕ್ಕೊಂದು ಮನೆಯಂತೆ ತುಂಬಿ ಕೊಟ್ಟದ್ದನ್ನು ಪಂಚ್ ಆಪರೇಟರ್ 80 ಕಾಲಮಿನ ಕಾರ್ಡುಗಳಲ್ಲಿ ತೂತು ಹಾಕುತ್ತಿದ್ದಳು. ಬಳಿಕ ವೆರಿಫೈಯರ್ ಯಂತ್ರದ ಮುಂದೆ ಕೂತ ಇನ್ನೊಬ್ಬಳು ಅದೇ ಹಾಳೆ ನೋಡಿಕೊಂಡು ಅದೇ ಅಕ್ಷರಗಳನ್ನು ಮತ್ತೊಮ್ಮೆ ಒತ್ತಬೇಕು. ಎರಡೂ ತಾಳೆಯಾದರೆ ಯಂತ್ರ ಕಾರ್ಡಿನ ಬಲ ಅಂಚಿಗೆ ಸಣ್ಣದೊಂದು ಕಚ್ಚು ಹಾಕುತ್ತಿತ್ತು, ತಪ್ಪಿದ್ದರೆ ತಪ್ಪಿದ ಕಾಲಮಿನ ನೆತ್ತಿಯ ಮೇಲೆ. ಹೀಗೆ ಒಂದೇ ಸಾಲು ಮೂರು ಜನರ ಕೈ ದಾಟಿ ಕಂಪ್ಯೂಟರ್ ತಲುಪುತ್ತಿತ್ತು. 1952ರಲ್ಲಿ ಗ್ರೇಸ್ ಹಾಪರ್ ರೂಪಿಸಿದ ಎ-ಝೀರೊ, 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಹೊರತಂದ ಫೋರ್ಟ್ರಾನ್, ಅದರ ಬೆನ್ನಿಗೇ ಬಂದ ಕೋಬಾಲ್, ಇವೆಲ್ಲ ಕೋಡರ್‌ನ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿದವು. ಆ ಕಾಲದವರು ಇದನ್ನು ‘ಆಟೊಮ್ಯಾಟಿಕ್ ಪ್ರೋಗ್ರಾಮಿಂಗ್’ ಎಂದೇ ಕರೆದರು. ಕೋಡ್ ಬರೆಯುವುದೂ ದೋಷ ಹುಡುಕುವುದೂ ಹೆಚ್ಚುಕಡಿಮೆ ಇಲ್ಲವಾಗುತ್ತವೆ ಎಂದು ಬ್ಯಾಕಸ್ ತಂಡ 1954ರಲ್ಲಿ ಭರವಸೆ ಕೊಟ್ಟಿತ್ತು. ದೋಷ ಹುಡುಕುವ ಕೆಲಸ ಇಲ್ಲವಾಯಿತೇ ಎಂದು ಯಾವ ಪ್ರೋಗ್ರಾಮರನ್ನು ಬೇಕಾದರೂ ಕೇಳಿ ನೋಡಬಹುದು. ಕೋಡರ್ ಹುದ್ದೆ ಮಾತ್ರ ನಿಜಕ್ಕೂ ಹೋಯಿತು. ಅದೇ ಹೊತ್ತಿಗೆ ಪ್ರೋಗ್ರಾಮರ್‌ಗಳ ಸಂಖ್ಯೆ ಹಲವು ಪಟ್ಟು ಬೆಳೆಯಿತು. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೊ ಕರೆದ ಸಮ್ಮೇಳನದಲ್ಲಿ ತಜ್ಞರು ತೋಡಿಕೊಂಡದ್ದು ಕೆಲಸ ಇಲ್ಲವೆಂದಲ್ಲ, ಸಾಫ್ಟ್‌ವೇರ್ ಹೊತ್ತಿಗೆ ಸರಿಯಾಗಿ, ನೆಟ್ಟಗೆ ಕೈಸೇರುತ್ತಿಲ್ಲವೆಂದು.

ಭರವಸೆಯ ಉತ್ತರ ಕೊಡುವವರು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಈ ಹೊಸ ಪ್ರೋಗ್ರಾಮರ್‌ಗಳು ಕಲಿತದ್ದೆಲ್ಲಿ ಎಂದು ಕೇಳುವುದಿಲ್ಲ. ಅಮೆರಿಕದ ಮೊದಲ ಕಂಪ್ಯೂಟರ್ ಸೈನ್ಸ್ ವಿಭಾಗ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ತೆರೆದದ್ದು 1962ರಲ್ಲಿ. ಅದಕ್ಕೂ ಮೊದಲೇ ಅಮೆರಿಕದ ವಾಯುಪಡೆ ಶತ್ರು ವಿಮಾನಗಳ ಮೇಲೆ ಕಣ್ಣಿಡಲು ಸೇಜ್ ಎಂಬ ಭಾರಿ ಕಂಪ್ಯೂಟರ್ ಜಾಲ ಕಟ್ಟಲು ಹೊರಟಿತ್ತು. ಅದಕ್ಕೆ ಬೇಕಾದಷ್ಟು ಪ್ರೋಗ್ರಾಮರ್‌ಗಳು ಆ ದೇಶದಲ್ಲೇ ಇರಲಿಲ್ಲ. ರ್‍ಯಾಂಡ್ ಸಂಸ್ಥೆಯಿಂದ ಕವಲೊಡೆದ ಸಿಸ್ಟಮ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಕಂಪ್ಯೂಟರ್ ಕಂಡೇ ಇರದವರನ್ನು ಪರೀಕ್ಷೆ ಮಾಡಿ ಆರಿಸಿ, ಸಂಬಳ ಕೊಟ್ಟು ಕಲಿಸಿತು. ಕೆಲಸ ಕಲಿತ ಸಾವಿರಾರು ಮಂದಿ ಅಲ್ಲಿಂದ ಖಾಸಗಿ ಕಂಪನಿಗಳಿಗೆ ಹೊರಟುಹೋದರು. ಕೋಡರ್ ಹುದ್ದೆ ಹೋದರೂ ಕಸುಬು ಬೆಳೆದದ್ದು ಫೋರ್ಟ್ರಾನಿನ ಮಹಿಮೆ ಒಂದರಿಂದಲೇ ಅಲ್ಲ, ಕಲಿಯುವವರ ಖರ್ಚನ್ನು ರಕ್ಷಣಾ ಇಲಾಖೆಯ ಬೊಕ್ಕಸ ಹೊತ್ತದ್ದರಿಂದಲೂ.

ನಮ್ಮಲ್ಲಿ ಮೊದಲು ಆ ಜಾಗದಲ್ಲಿ ನಿಂತದ್ದು ಸರ್ಕಾರ. ಬೆಂಗಳೂರಿನಲ್ಲಿ 1909ರಿಂದ ಟಾಟಾ ಇನ್‌ಸ್ಟಿಟ್ಯೂಟ್ ಇತ್ತು, 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1954ರಲ್ಲಿ ಬಿಇಎಲ್ ಬಂದವು. ಎಲೆಕ್ಟ್ರಾನಿಕ್ಸ್ ಬಲ್ಲ ಎಂಜಿನಿಯರ್‌ಗಳು ಈ ಊರಿನಲ್ಲಿ ಹೇರಳವಾಗಿ ಸಿಗಲು ಇವೇ ಕಾರಣ, ಹವೆ ತಂಪಾಗಿದ್ದದ್ದಲ್ಲ. 1978ರಲ್ಲಿ ಐಬಿಎಂ ದೇಶ ಬಿಟ್ಟಾಗ ಅದರ ಯಂತ್ರಗಳ ಪಾಲನೆಯನ್ನು ಸರ್ಕಾರಿ ಸಂಸ್ಥೆ ಸಿಎಂಸಿ ವಹಿಸಿಕೊಂಡಿತು. 1980ರ ದಶಕದಲ್ಲಿ ರೈಲ್ವೆ ಟಿಕೆಟ್ ಕಾದಿರಿಸುವ ವ್ಯವಸ್ಥೆಯನ್ನು ಕಂಪ್ಯೂಟರಿಗೆ ಏರಿಸಿದ್ದೂ ಅದೇ. ಅತ್ತ ಎಲ್‌ಐಸಿ, ಬ್ಯಾಂಕುಗಳ ನೌಕರರ ಸಂಘಗಳು ಕಂಪ್ಯೂಟರ್ ಬೇಡವೆಂದು ವರ್ಷಗಟ್ಟಲೆ ಹೋರಾಡಿದವು. ಬ್ಯಾಂಕುಗಳಲ್ಲಿ 1983ರ ಒಪ್ಪಂದದ ನಂತರವಷ್ಟೇ ಯಂತ್ರಗಳಿಗೆ ದಾರಿಯಾಯಿತು. ಆ ಹೋರಾಟವನ್ನು ಈಗ ನಗೆಪಾಟಲು ಮಾಡುವುದು ಸುಲಭ. ಅವರು ಎತ್ತಿದ ಪ್ರಶ್ನೆ ಮಾತ್ರ ಇವತ್ತು ಸಾಫ್ಟ್‌ವೇರ್‌ನವರ ಮನೆ ಬಾಗಿಲಿಗೇ ಬಂದಿದೆ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದು ಉಪಗ್ರಹದ ಮೂಲಕ ಕೆಲಸ ಸಾಗಿಸಲು ಶುರುಮಾಡಿತು. ಪುಣೆಯಲ್ಲಿ 1981ರಲ್ಲಿ ಹುಟ್ಟಿದ ಇನ್ಫೋಸಿಸ್ 1983ರ ಹೊತ್ತಿಗೆ ಇಲ್ಲಿಗೆ ಬಂದಿತ್ತು. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಕನಸು ಕಂಡ ಎಲೆಕ್ಟ್ರಾನಿಕ್ ಸಿಟಿ ಕೋನಪ್ಪನ ಅಗ್ರಹಾರದ ಹೊಲಗಳಲ್ಲಿ ಅದಾಗಲೇ ತಲೆಯೆತ್ತುತ್ತಿತ್ತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ವ್ಯವಸ್ಥೆ ಬಂತು. ಈ ಇಸವಿಗಳು ಎಲ್ಲರಿಗೂ ಗೊತ್ತು. ಅಷ್ಟಾಗಿ ಚರ್ಚೆಗೆ ಬಾರದ್ದು ಬಿಲ್ಲಿನ ಲೆಕ್ಕ. ಅಮೆರಿಕದ ಗ್ರಾಹಕ ಕೆಲಸಕ್ಕಲ್ಲ, ಗಂಟೆಗೆ ಹಣ ಕೊಡುತ್ತಿದ್ದ. ಒಂದು ಪ್ರಾಜೆಕ್ಟಿನಲ್ಲಿ ಅನುಭವಿ ಇಬ್ಬರು, ನಡುವಿನವರು ಮೂವರು, ಕಾಲೇಜು ಮುಗಿಸಿ ಬಂದ ಐವರು ಇದ್ದಾರೆನ್ನಿ. ಆ ಐವರ ಗಂಟೆಗಳೂ ಬಿಲ್ಲಿನಲ್ಲಿ ಸೇರುತ್ತಿದ್ದವು. ಸಂಬಳ ಕಡಿಮೆಯಿದ್ದ ಕಾರಣ ಕಂಪನಿಗೆ ಹೆಚ್ಚು ಲಾಭ ಉಳಿಸುತ್ತಿದ್ದವರೂ ಅವರೇ. ಪಿರಮಿಡ್ ಎಂದು ಉದ್ಯಮದವರು ಕರೆಯುವುದು ಇದನ್ನೇ. ತಳ ಅಗಲವಾದಷ್ಟೂ ಲಾಭ, ಹಾಗಾಗಿ ತಳಕ್ಕೆ ಪ್ರತಿವರ್ಷ ಹೊಸಬರು ಬೇಕು. ಫ್ರೆಶರ್ ಎರಡು ವರ್ಷ ತಡವರಿಸುತ್ತ ಕಲಿಯುವ ಖರ್ಚನ್ನು ನ್ಯೂಜೆರ್ಸಿಯ ಯಾವುದೋ ವಿಮಾ ಕಂಪನಿ ತನಗೇ ಗೊತ್ತಿಲ್ಲದೆ ಭರಿಸುತ್ತಿತ್ತು.

ಇದರ ಅತಿ ದೊಡ್ಡ ಪಾಠಶಾಲೆ ವೈಟೂಕೆ. ಜಾಗ ಉಳಿಸಲೆಂದು ಹಳೆಯ ಕೋಬಾಲ್ ಪ್ರೋಗ್ರಾಮುಗಳು ಇಸವಿಯನ್ನು ಎರಡೇ ಅಂಕಿಗಳಲ್ಲಿ ಇಟ್ಟುಕೊಂಡಿದ್ದವು. 1999 ಮುಗಿದು 00 ಬಂದೊಡನೆ ಬಡ್ಡಿ, ಪಿಂಚಣಿ, ಪಾಲಿಸಿಯ ಅವಧಿ ಎಲ್ಲ ನೂರು ವರ್ಷ ಹಿಂದಕ್ಕೆ ಜಿಗಿಯುವ ಅಪಾಯವಿತ್ತು. ಪರಿಹಾರದಲ್ಲಿ ಪಾಂಡಿತ್ಯವೇನೂ ಇರಲಿಲ್ಲ, ತಾಳ್ಮೆ ಬೇಕಿತ್ತು. ಲಕ್ಷಾಂತರ ಸಾಲುಗಳ ಲಿಸ್ಟಿಂಗನ್ನು ಮುಂದಿಟ್ಟುಕೊಂಡು ದಿನಾಂಕ ಅಡಗಿರುವ ಜಾಗ ಹುಡುಕಬೇಕು. ಅದಕ್ಕೆ ಡೇಟ್ ಎಂದೇ ಹೆಸರಿದ್ದರೆ ಸರಿ. ಎಷ್ಟೋ ಕಡೆ ಇಪ್ಪತ್ತು ವರ್ಷ ಹಿಂದಿನ ಯಾರೋ ತಮಗೆ ತೋಚಿದ ಹೆಸರಿಟ್ಟಿರುತ್ತಿದ್ದರು. ಸಿಕ್ಕ ಮೇಲೆ ಎರಡು ಅಂಕಿಯ ಜಾಗವನ್ನು ನಾಲ್ಕಕ್ಕೆ ಹಿಗ್ಗಿಸಬೇಕು. ಹಿಗ್ಗಿಸಿದರೆ ಫೈಲಿನ ಅಳತೆಯೇ ಬದಲಾಗುವುದರಿಂದ ಅದನ್ನು ಓದುವ ಉಳಿದೆಲ್ಲ ಪ್ರೋಗ್ರಾಮುಗಳನ್ನೂ ಮುಟ್ಟಬೇಕು. ಅಷ್ಟು ಸಮಯ ಇಲ್ಲದಿದ್ದರೆ, ಇಂತಿಷ್ಟು ಅಂಕಿಗಿಂತ ಕೆಳಗಿದ್ದರೆ 2000ದ ನಂತರ, ಮೇಲಿದ್ದರೆ 1900ರ ನಂತರ ಎಂದು ನಿಯಮ ಹಾಕಿ ದಾಟಿಸಬೇಕು. ಅಮೆರಿಕದ ಪ್ರೋಗ್ರಾಮರ್‌ಗಳಿಗೆ ಬೇಡವಾಗಿದ್ದ ಈ ಕೆಲಸ ಬೆಂಗಳೂರು, ಹೈದರಾಬಾದ್, ಚೆನ್ನೈಗಳಿಗೆ ರಾಶಿರಾಶಿಯಾಗಿ ಬಂತು. ಸಪ್ಪೆ ಕೆಲಸ ನಿಜ. ಆದರೆ ಅದನ್ನು ಮಾಡುತ್ತ ಮಾಡುತ್ತಲೇ ಇಪ್ಪತ್ತೆರಡರ ಹುಡುಗ ಹುಡುಗಿಯರು ಒಂದು ಬ್ಯಾಂಕು ಒಳಗಿನಿಂದ ಹೇಗೆ ನಡೆಯುತ್ತದೆಂದು ಅರಿತರು. ಮುಂದಿನ ದಶಕದಲ್ಲಿ ಪ್ರಾಜೆಕ್ಟ್ ಮ್ಯಾನೇಜರ್‌ಗಳಾಗಿ ಗ್ರಾಹಕರ ಎದುರು ಕೂತು ಮಾತಾಡಿದವರಲ್ಲಿ ಅನೇಕರು ಅಂಥ ಲಿಸ್ಟಿಂಗುಗಳಲ್ಲಿ ಕಣ್ಣು ನೋಯಿಸಿಕೊಂಡವರೇ.

ಈ ಏರ್ಪಾಟು ಎಷ್ಟು ಗಟ್ಟಿಯಾಗಿತ್ತೆಂದರೆ ಇಡೀ ರಾಜ್ಯವೇ ಅದರ ಸುತ್ತ ತನ್ನ ಲೆಕ್ಕಾಚಾರ ಹೊಂದಿಸಿಕೊಂಡಿತು. 1994ರಲ್ಲಿ ಸಿಇಟಿ, 1998ರಲ್ಲಿ ಬೆಳಗಾವಿಯಲ್ಲಿ ವಿಟಿಯು, ಜಿಲ್ಲೆಗೊಂದಲ್ಲ, ತಾಲೂಕಿಗೊಂದು ಎನ್ನುವಷ್ಟು ಎಂಜಿನಿಯರಿಂಗ್ ಕಾಲೇಜುಗಳು. ಮೆಕ್ಯಾನಿಕಲ್ ಓದಿರಲಿ, ಸಿವಿಲ್ ಓದಿರಲಿ, ಕ್ಯಾಂಪಸ್ ಸಂದರ್ಶನದಲ್ಲಿ ಗೆದ್ದವರನ್ನು ಕಂಪನಿಗಳು ತೆಗೆದುಕೊಂಡು ತಾವೇ ಕಲಿಸಿದವು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಇನ್ಫೋಸಿಸ್ ಮುನ್ನೂರು ಎಕರೆಗೂ ಮಿಕ್ಕಿದ ತರಬೇತಿ ಊರನ್ನೇ ಕಟ್ಟಿತು. ಹಲವು ಕಂಪನಿಗಳು ಹೊಸಬರಿಂದ ಬಾಂಡ್ ಬರೆಸಿಕೊಂಡವು: ಇಷ್ಟು ಅವಧಿಗೆ ಮೊದಲೇ ಬಿಟ್ಟರೆ ಇಷ್ಟು ಹಣ ಕಟ್ಟಬೇಕು. ಬಾಂಡನ್ನು ಬೈಯದ ಫ್ರೆಶರ್ ಇಲ್ಲ. ಕಲಿಸುವುದಕ್ಕೆ ಖರ್ಚಿದೆ, ಆ ಖರ್ಚು ತನ್ನದು ಎಂದು ಕಂಪನಿಯೇ ಬರೆದುಕೊಟ್ಟ ಸಾಕ್ಷಿಯೂ ಅದೇ ಕಾಗದ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಕೋಡ್ ಬರೆದುಕೊಡುವ ಕೋಪೈಲಟ್ ಅದಕ್ಕೂ ಕೆಲವು ತಿಂಗಳು ಮೊದಲೇ ಎಲ್ಲರ ಕೈಗೆ ಸಿಕ್ಕಿತ್ತು. ಇವು ಚೆನ್ನಾಗಿ ಮಾಡುವ ಕೆಲಸಗಳ ಪಟ್ಟಿ ನೋಡಿದರೆ ಅದು ಫ್ರೆಶರ್‌ನ ಮೊದಲ ಎರಡು ವರ್ಷದ ಕೆಲಸದ ಪಟ್ಟಿಯೇ: ಟೆಸ್ಟ್ ಕೇಸ್ ಬರೆಯುವುದು, ಹಳೆಯ ಕೋಡನ್ನು ಹೊಸ ಭಾಷೆಗೆ ದಾಟಿಸುವುದು, ಸಣ್ಣ ದೋಷ ತಿದ್ದುವುದು, ದಾಖಲೆ ಬರೆಯುವುದು. ವೈಟೂಕೆ ಮರಳಿ ಬಂದರೆ ಅದರ ಬಹುಪಾಲನ್ನು ಇವತ್ತು ಯಂತ್ರಕ್ಕೇ ಕೊಡುತ್ತಾರೆ. ಹಿಂದಿನ ಯಂತ್ರೀಕರಣಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಫೋರ್ಟ್ರಾನ್ ಕೋಡರ್ ಹುದ್ದೆಯನ್ನು ತೆಗೆದರೂ ಫೋರ್ಟ್ರಾನ್ ಬರೆಯುವ ಹೊಸಬನಿಗೆ ಜಾಗ ಮಾಡಿತ್ತು. ಈಗಿನ ಉಪಕರಣ ಕೇಳುವುದು ಬರೆಯುವವನನ್ನಲ್ಲ, ಬರೆದದ್ದು ಸರಿಯೋ ತಪ್ಪೋ ಹೇಳಬಲ್ಲವನನ್ನು. ಆ ವಿವೇಚನೆ ಬರಬೇಕಾದರೆ ಕೆಲವು ವರ್ಷ ಬರೆದು ತಪ್ಪು ಮಾಡಿರಬೇಕು.

ಇದಕ್ಕೆ ಬರುವ ಆಕ್ಷೇಪಗಳು ಸುಲಭವಾಗಿ ತಳ್ಳಿಹಾಕುವಂಥವಲ್ಲ. ಇನ್ಫೋಸಿಸ್ 2021–22ರಲ್ಲಿ 85 ಸಾವಿರ ಫ್ರೆಶರ್‌ಗಳನ್ನು ತೆಗೆದುಕೊಂಡಿತ್ತು, 2023–24ರಲ್ಲಿ 12 ಸಾವಿರದಷ್ಟು. ಈ ಕುಸಿತವನ್ನು ಎಐ ತಲೆಗೆ ಕಟ್ಟುವುದು ತಪ್ಪು. ಕೋವಿಡ್ ಕಾಲದಲ್ಲಿ ವಿಪರೀತ ನೇಮಕವಾಗಿತ್ತು, ಆಮೇಲೆ ಅಮೆರಿಕದಲ್ಲಿ ಬಡ್ಡಿದರ ಏರಿ ಗ್ರಾಹಕರು ಕೈ ಬಿಗಿಹಿಡಿದರು. ಈ ಮಾತು ಒಪ್ಪತಕ್ಕದ್ದೇ. ಆದರೆ ಅಮೆರಿಕದ ವೇತನ ದಾಖಲೆಗಳನ್ನು ಜಾಲಾಡಿ ಸ್ಟ್ಯಾನ್‌ಫರ್ಡ್‌ನ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು 2025ರ ಆಗಸ್ಟಿನಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಎಐ ಹೆಚ್ಚು ತಟ್ಟುವ ಕೆಲಸಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಶೇ 13ರಷ್ಟು ಹಿಂದೆ ಬಿದ್ದಿತ್ತು, ಅದೇ ಕೆಲಸಗಳಲ್ಲಿ ಹಿರಿಯರು ಹಾಗೆ ಬಿದ್ದಿರಲಿಲ್ಲ. ಬರೀ ಬಡ್ಡಿದರದ ಪ್ರಭಾವವಾಗಿದ್ದರೆ ಅದು ವಯಸ್ಸು ನೋಡಿ ಹೀಗೆ ಬಡಿಯುತ್ತಿರಲಿಲ್ಲ. ಎಐ ಹೇಳುವಷ್ಟು ಚುರುಕೇನಲ್ಲ ಎಂಬುದು ಇನ್ನೊಂದು ಆಕ್ಷೇಪ. ಅದಕ್ಕೂ ಆಧಾರವಿದೆ. 2025ರಲ್ಲಿ ಮೆಟರ್ ಎಂಬ ಸಂಸ್ಥೆ 16 ಅನುಭವಿ ಡೆವಲಪರ್‌ಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಎಐ ಬಳಸಿದಾಗ ಕೆಲಸಕ್ಕೆ ಶೇ 19ರಷ್ಟು ಹೆಚ್ಚು ಹೊತ್ತು ಹಿಡಿಯಿತು. ಅವರು ಮಾತ್ರ ತಮ್ಮ ಕೆಲಸ ಶೇ 20ರಷ್ಟು ಚುರುಕಾಯಿತೆಂದೇ ನಂಬಿದ್ದರು. ನೇಮಕದ ತೀರ್ಮಾನ ಮಾಡುವ ಮ್ಯಾನೇಜರ್‌ನ ತಲೆಯಲ್ಲಿರುವುದೂ ಇದೇ ನಂಬಿಕೆ, ಗಡಿಯಾರ ತೋರಿಸಿದ ಲೆಕ್ಕವಲ್ಲ.

ವಿದೇಶಿ ಕಂಪನಿಗಳು ತಾವೇ ಇಲ್ಲಿ ತೆರೆಯುತ್ತಿರುವ ಕೇಂದ್ರಗಳು, ಜಿಸಿಸಿಗಳು, ಈ ಖಾಲಿ ತುಂಬುತ್ತವೆ ಎನ್ನುವವರಿದ್ದಾರೆ. ದೇಶದಲ್ಲಿ ಅಂಥವು 1,700 ದಾಟಿವೆ, ಬೆಂಗಳೂರೇ ಅವುಗಳ ರಾಜಧಾನಿ. ಅಲ್ಲಿ ಕೆಲಸವೂ ಒಳ್ಳೆಯದು, ಸಂಬಳವೂ ಹೆಚ್ಚು. ಅವು ಬಹುಮಟ್ಟಿಗೆ ಹುಡುಕುವುದು ಮಾತ್ರ ಬೇರೆಯವರು ಕಲಿಸಿ ತಯಾರು ಮಾಡಿದವರನ್ನು. 2025ರಲ್ಲಿ ಟಿಸಿಎಸ್ ಸುಮಾರು 12 ಸಾವಿರ ಜನರನ್ನು ಕಡಿಮೆ ಮಾಡುವುದಾಗಿ ಹೇಳಿದಾಗ ಪೆಟ್ಟು ಬಿದ್ದದ್ದು ಹೆಚ್ಚಾಗಿ ನಡುವಿನ ಮತ್ತು ಮೇಲಿನ ಹಂತದವರಿಗೆ, ಫ್ರೆಶರ್‌ಗಳಿಗಲ್ಲ ಎಂದೂ ವಾದಿಸಬಹುದು. ಕಂಪನಿ ಕೊಟ್ಟ ಕಾರಣವೂ ಎಐ ಅಲ್ಲ, ಕೌಶಲ ಹೊಂದದಿರುವುದು. ಆದರೆ ನಡುವಿನವರ ಕೆಲಸದ ಬಹುಭಾಗ ತಳದವರ ಕೆಲಸ ನೋಡಿಕೊಳ್ಳುವುದೇ ಆಗಿತ್ತು. ತಳ ಕಿರಿದಾದರೆ ಮೇಲ್ವಿಚಾರಣೆಗೆ ಅಷ್ಟು ಜನ ಯಾಕೆ?

ಹೊಸಬರು ಕಲಿಯುವ ಖರ್ಚು ಈಗ ಸದ್ದಿಲ್ಲದೆ ಮನೆಯವರ ತಲೆ ಮೇಲೆ ಬರುತ್ತಿದೆ. ಕಾಲೇಜು ಫೀಸಿನ ಮೇಲೆ ಕೋಚಿಂಗ್, ಅದರ ಮೇಲೆ ಸಂಬಳವಿಲ್ಲದ ಇಂಟರ್ನ್‌ಶಿಪ್. ಗ್ರಾಹಕರು ಗಂಟೆಯ ಬಿಲ್ ಬಿಟ್ಟು ಫಲಿತಾಂಶಕ್ಕೆ ಬೆಲೆ ಕಟ್ಟಲು ಶುರುಮಾಡಿದಷ್ಟೂ ಫ್ರೆಶರ್ ತಡವರಿಸಿದ ಗಂಟೆಗೆ ಬಿಲ್ಲಿನಲ್ಲಿ ಜಾಗ ಇರುವುದಿಲ್ಲ. ಕರ್ನಾಟಕ ಸರ್ಕಾರ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ; ಅದು ಕೆಲಸ ಇಲ್ಲದ್ದಕ್ಕೆ ಕೊಡುವ ಹಣ, ಕಲಿಯುವುದಕ್ಕಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಎಚ್‌ಎಎಲ್, ಬಿಇಎಲ್‌ಗಳು ಈಗಲೂ ಸ್ಟೈಪೆಂಡ್ ಕೊಟ್ಟು ಕಲಿಸುತ್ತವೆ. ಸಾಫ್ಟ್‌ವೇರ್ ಕೊಳ್ಳುವುದರಲ್ಲಿ ಸರ್ಕಾರವೇನೂ ಸಣ್ಣ ಗಿರಾಕಿಯಲ್ಲ: ಪಹಣಿಗೆ ಭೂಮಿ, ನೋಂದಣಿಗೆ ಕಾವೇರಿ, ಖಜಾನೆ ಇಲಾಖೆಗೆ ಖಜಾನೆ, ಎಲ್ಲಕ್ಕೂ ಪ್ರತಿವರ್ಷ ಪಾಲನೆ, ತಿದ್ದುಪಡಿ. ಆ ಟೆಂಡರುಗಳಲ್ಲಿ ಇಷ್ಟು ಗಂಟೆ ಹೊಸಬರದು, ಅದರ ಖರ್ಚು ಸರ್ಕಾರದ್ದು ಎಂದು ಒಂದು ಕಲಮು ಸೇರಿಸಲು ಯಾವ ಹೊಸ ಶಾಸನವೂ ಬೇಕಾಗಲಾರದು. ಕಲಿತವರು ಖಾಸಗಿಯವರ ಕಡೆ ಹಾರುತ್ತಾರೆ ಎಂದು ಹಣಕಾಸು ಇಲಾಖೆ ತಕರಾರು ತೆಗೆಯುವುದು ಖಂಡಿತ. ಸೇಜ್‌ನಲ್ಲಿ ಕಲಿತವರೂ ಹಾಗೆಯೇ ಹಾರಿದ್ದರು, ಆದರೂ ಅಲ್ಲಿ ಮುಂದಿನ ತಂಡಕ್ಕೆ ಕಲಿಸುವುದು ನಿಂತಿರಲಿಲ್ಲ.