ಯಾಕಿತೊರಿ: ಕಡ್ಡಿಗೆ ಪೋಣಿಸಿದ ಚರಿತ್ರೆ

ಜಪಾನಿ ಭಾಷೆಯಲ್ಲಿ ‘ಯಾಕಿ’ ಎಂದರೆ ಸುಟ್ಟದ್ದು, ‘ತೊರಿ’ ಎಂದರೆ ಹಕ್ಕಿ. ಇವೆರಡೂ ಕೂಡಿದ ‘ಯಾಕಿತೊರಿ’ ಎಂಬ ಪದವು ಇಂದು ಬಿದಿರುಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಟ್ಟ ಕೋಳಿಮಾಂಸವನ್ನು ಸೂಚಿಸುತ್ತದೆಯಾದರೂ, ಕೋಳಿಗೆ ಈ ಸ್ಥಾನ ದೊರೆತದ್ದು ಬಹಳ ತಡವಾಗಿ. ಕ್ರಿ.ಶ. 675ರಲ್ಲಿ ತೆಮ್ಮು ಚಕ್ರವರ್ತಿ ಹೊರಡಿಸಿದ ಆಜ್ಞೆಯು ದನ, ಕುದುರೆ, ನಾಯಿ, ಕೋತಿಗಳೊಡನೆ ಕೋಳಿಯನ್ನು ತಿನ್ನುವುದನ್ನೂ ವರ್ಷದ ಕೆಲವು ತಿಂಗಳು ನಿಷೇಧಿಸಿತ್ತು. ಎದೊ ಕಾಲದಲ್ಲಿಯೂ (1603–1868) ಕಡ್ಡಿಗೇರುತ್ತಿದ್ದುದು ಹೆಚ್ಚಾಗಿ ಹಿಡಿದು ತಂದ ಗುಬ್ಬಿ, ಲಾವಕ್ಕಿಗಳೇ.

ಮೇಜಿ ಕಾಲದಲ್ಲಿ (1868–1912) ಮಾಂಸಾಹಾರದ ಕಟ್ಟುಪಾಡು ಸಡಿಲಗೊಂಡರೂ ಕೋಳಿ ದುಬಾರಿಯಾಗಿಯೇ ಉಳಿದುದರಿಂದ, ‘ಯತಾಯಿ’ ಎಂಬ ಬೀದಿಗಾಡಿಯವರು ಕೋಳಿ ಹೋಟೆಲುಗಳಲ್ಲಿ ಮಿಕ್ಕ ಚೂರುಪಾರುಗಳನ್ನೂ ಒಳಾಂಗಗಳನ್ನೂ ಅಗ್ಗಕ್ಕೆ ಕೊಂಡು ಸುಟ್ಟು ಮಾರತೊಡಗಿದರು. ಸೋಯಾ ಸಾಸ್, ಸಕ್ಕರೆ ಹಾಗೂ ಮಿರಿನ್ ಎಂಬ ಸಿಹಿ ಅಕ್ಕಿಮದ್ಯವನ್ನು ಕುದಿಸಿ ಮಾಡುವ ‘ತಾರೆ’ ಎಂಬ ಗಟ್ಟಿರಸವು ಒಳಾಂಗಗಳ ವಾಸನೆಯನ್ನು ಅಡಗಿಸಿ, ಕೆಂಡಕ್ಕೆ ತೊಟ್ಟಿಕ್ಕಿದಾಗ ಏಳುವ ಘಮದಿಂದ ದಾರಿಹೋಕರನ್ನೂ ಕರೆಯುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಕಾಳಸಂತೆಗಳಲ್ಲಿ ಹಂದಿಯ ಒಳಾಂಗಗಳೂ ಕಡ್ಡಿಗೇರಿದವು. 1960ರ ದಶಕದಲ್ಲಿ ಬ್ರಾಯ್ಲರ್ ಸಾಕಣೆ ಹಬ್ಬಿ ಬೆಲೆ ಇಳಿದ ಮೇಲಷ್ಟೇ ಕೋಳಿ ಕೆಲಸಗಾರರ ಸಂಜೆಯ ತಿನಿಸಾಯಿತು. ಹೊಕ್ಕೈಡೊ ದ್ವೀಪದ ಮುರೊರಾನ್ ಪಟ್ಟಣದಲ್ಲಂತೂ ಈಗಲೂ ‘ಯಾಕಿತೊರಿ’ ಎಂದರೆ ಈರುಳ್ಳಿಯೊಡನೆ ಪೋಣಿಸಿ ಸಾಸಿವೆಯ ಜೊತೆ ಕೊಡುವ ಹಂದಿಮಾಂಸವೇ.

ಬಡಿಸುವ ಕ್ರಮದಲ್ಲಿಯೂ ಈ ಮಿತವ್ಯಯದ ಗುರುತಿದೆ. ತೊಡೆಯ ಮಾಂಸ ‘ಮೊಮೊ’, ಚರ್ಮ ‘ಕಾವಾ’, ಹೃದಯ ‘ಹಾತ್ಸು’, ಬಾಲದ ಬುಡ ‘ಬೊಂಜಿರಿ’ ಎಂದು ಒಂದೊಂದು ಭಾಗಕ್ಕೂ ಬೇರೆ ಹೆಸರಿದ್ದು, ಗಿರಾಕಿಯು ಭಾಗವನ್ನು ಹೆಸರಿಸಿ, ‘ಶಿಯೊ’ ಅಂದರೆ ಉಪ್ಪು ಬೇಕೋ ತಾರೆ ಬೇಕೋ ಎಂಬುದನ್ನೂ ಹೇಳುತ್ತಾನೆ. ಒಳ್ಳೆಯ ಅಂಗಡಿಗಳು ವಾಕಯಾಮಾ ಪ್ರಾಂತದ ಓಕ್ ಮರದಿಂದ ಮಾಡಿದ, ಹೊಗೆ ಕಡಿಮೆಯಾಗಿ ಬಹುಹೊತ್ತು ಉರಿಯುವ ‘ಬಿಂಚೊತಾನ್’ ಇದ್ದಿಲನ್ನು ಬಳಸುತ್ತವೆ. ಆರಿದರೆ ರುಚಿ ಕೆಡುವುದರಿಂದ ಕಡ್ಡಿಗಳು ಕೆಂಡದಿಂದಿಳಿದಂತೆ ಒಂದೆರಡಾಗಿ ಬರುತ್ತವೆ. ತಿಂದ ಕಡ್ಡಿಗಳನ್ನು ಎದುರಿನ ಕೊಳವೆಯಲ್ಲಿ ಹಾಕುವುದು ರೂಢಿ, ಕೆಲವೆಡೆ ಅವನ್ನೆಣಿಸಿಯೇ ಲೆಕ್ಕ ಮಾಡುತ್ತಾರೆ.

ಒಂದು ಕಾಲಕ್ಕೆ ಬೀದಿಗಾಡಿಯ ಅಗ್ಗದ ಸರಕಾಗಿದ್ದ ಒಳಾಂಗ, ಬಾಲಗಳಿಗೆ ಇಂದು ಟೋಕಿಯೊದ ದುಬಾರಿ ಅಂಗಡಿಗಳಲ್ಲಿಯೂ ಸ್ಥಾನವಿದೆ. ಒಂದು ಕೋಳಿಗೆ ಬಾಲದ ಬುಡ ಇರುವುದು ಒಂದೇ ಆದ್ದರಿಂದ, ತಡವಾಗಿ ಬಂದವರಿಗೆ ಬೊಂಜಿರಿ ಸಿಗದಿರುವುದೂ ಉಂಟು.