ಗೊರವನ ಮುಖ ಯಾವ ಕಡೆ? ಸಾಗರ, ಹೊಸನಗರ, ತೀರ್ಥಹಳ್ಳಿಯ ದಾರಿಬದಿ ಕಲ್ಲುಗಳ ಮತವಿಚಾರ

ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟವನ್ನು ಬಿಟ್ಟು ಸೊರಬ, ಸಾಗರ, ನಗರ, ತೀರ್ಥಹಳ್ಳಿಗಳ ಚರಿತ್ರೆ ಬರೆಯುವುದು ಸಾಧ್ಯವಿಲ್ಲ. (ಅಲ್ಲಿಯ ‘ನಗರ’ ಇಂದಿನ ಹೊಸನಗರ ತಾಲ್ಲೂಕು.) ಆದರೆ ಅದು ಶಾಸನಗಳ ಸಂಪುಟ. ಅಕ್ಷರವಿದ್ದ ಕಲ್ಲಿಗೆ ನಂಬರು ಸಿಕ್ಕಿತು, ಅಕ್ಷರವಿಲ್ಲದ್ದು ಸೊಪ್ಪಿನಬೆಟ್ಟದ ಅಂಚಿನಲ್ಲೋ ಕೆರೆ ಏರಿಯ ಮೇಲೋ ಉಳಿಯಿತು. ರೈಸ್ ಇದನ್ನೇನೂ ಬಚ್ಚಿಡಲಿಲ್ಲ. ಮರೆತವರು ಅವರ ನಂತರದ ನಾವು.

ಮರೆವಿನ ಜೊತೆಗೇ ಒಂದು ಕೆಟ್ಟ ಅಭ್ಯಾಸವೂ ಬಂತು. ಊರೂರು ಸುತ್ತಿ ವೀರಗಲ್ಲುಗಳ ಪಟ್ಟಿ ಮಾಡುವವರು ‘ಮತ’ ಎಂದು ಒಂದು ಕಾಲಂ ಎಳೆದುಕೊಳ್ಳುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಲಿಂಗ ಕಂಡರೆ ಶೈವ, ಜಿನಬಿಂಬ ಕಂಡರೆ ಜೈನ, ಏನೂ ಕಾಣದಿದ್ದರೆ ‘ಅಸ್ಪಷ್ಟ’. ಬಳಿಕ ಕಾಲಂ ಕೂಡಿಸಿ, ಇಂಥ ಶತಮಾನದಲ್ಲಿ ಈ ಸೀಮೆಯಲ್ಲಿ ಶೈವರು ಇಷ್ಟಿದ್ದರು ಎಂದು ತೀರ್ಮಾನ. ಯಾರ ಹೆಸರನ್ನೂ ಹೇಳುವುದಿಲ್ಲ. ಹೇಳಬೇಕಾದರೆ ನನ್ನದನ್ನೇ ಮೊದಲು ಹೇಳಬೇಕಾಗುತ್ತದೆ.

ಈ ಕಾಲಂ ನಿಂತಿರುವುದು ಒಂದೇ ಊಹೆಯ ಮೇಲೆ: ಕಲ್ಲಿನ ಮೇಲಿನ ಗುರುತು ಸತ್ತವನ ಮತದ ಗುರುತು. ಅದನ್ನು ಪರೀಕ್ಷಿಸಲು ನಾನು ತರುವ ಸಾಕ್ಷಿ ಮಲೆನಾಡಿನದಲ್ಲ, ಮಂಡ್ಯ ಸೀಮೆಯ ಆತಕೂರಿನದು. ಶಕ 872ರ, ಎಂದರೆ ಕ್ರಿ.ಶ. 949-50ರ ಆ ಶಾಸನ ತಕ್ಕೋಲದ ಯುದ್ಧದ ವಿವರಕ್ಕಾಗಿ ಪ್ರಸಿದ್ಧವಾಗಿದೆ. ಇತಿಹಾಸಕಾರರು ಚೋಳ ರಾಜಾದಿತ್ಯನನ್ನು ಗಂಗ ಬೂತುಗ ಕೊಂದ ಭಾಗವನ್ನು ಓದಿ ಪುಸ್ತಕ ಮುಚ್ಚುತ್ತಾರೆ. ಕಲ್ಲು ನಿಂತಿದ್ದು ಮಾತ್ರ ನಾಯಿಗಾಗಿ. ಬೂತುಗನ ಸೇವಕ ಮಣಲೇರ ಮೆಚ್ಚುಗೆಯಾಗಿ ಬೇಡಿ ಪಡೆದ ಕಾಳಿ ಎಂಬ ನಾಯಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಚಲ್ಲೇಶ್ವರನ ಮುಂದೆ ಕಲ್ಲು ನೆಡಿಸಿ ಭೂಮಿ ಬಿಟ್ಟರು. ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಗಲುತ್ತದೆ ಎಂದು ಶಾಸನ ವಿಧಿಸುತ್ತದೆ.

ಈಗ ನಮ್ಮ ಕಾಲಂ ತುಂಬಿಸಿ ನೋಡೋಣ. ಕಾಳಿ ಶೈವ ನಾಯಿಯೇ? ನಗೆಯಾಡಲು ಕೇಳುತ್ತಿಲ್ಲ. ಜಾಗ ಶಿವನದು, ಪೂಜಿಸುವವನು ಶಿವನ ಗೊರವ, ಭೂಮಿ ನಡೆಯುವುದು ಗುಡಿಯ ಮೂಲಕ. ಇವೆಲ್ಲ ಕಲ್ಲನ್ನು ಕಾಯುವವರು ಯಾರು, ಅದಕ್ಕೆ ಅನ್ನ ಎಲ್ಲಿಂದ ಎಂಬುದನ್ನು ಹೇಳುತ್ತವೆ. ಸತ್ತವರು ಯಾವ ದೇವರಿಗೆ ಕೈಮುಗಿಯುತ್ತಿದ್ದರು ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವೇ ಇಲ್ಲ. ಮನುಷ್ಯರ ಕಲ್ಲಿಗೆ ಬಂದೊಡನೆ ಆ ಉತ್ತರ ಸಿಕ್ಕಿಬಿಡುತ್ತದೆ ಎಂದು ನಂಬುವುದು ಹೇಗೆ?

ವೀರಗಲ್ಲಿನ ಒಳಗಿನ ಸಾಕ್ಷಿಯೂ ಹೀಗೇ ಇದೆ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡೊಯ್ಯುವ ದೇವಾಂಗನೆಯರು, ಮೇಲೆ ಲಿಂಗ, ಬಸವ, ಗೊರವ, ಕೈಮುಗಿದು ಕುಳಿತ ವೀರ. ದೇವಾಂಗನೆಯರು ಕರೆದೊಯ್ಯುವುದು ಇಂದ್ರನ ವೀರಸ್ವರ್ಗಕ್ಕೆ, ಮೇಲಿನದು ಕೈಲಾಸ. ಒಬ್ಬನೇ ಎರಡು ಊರಿಗೆ ಹೋಗುತ್ತಿದ್ದಾನೆ! ಮತತತ್ತ್ವ ಬಲ್ಲವನೊಬ್ಬ ಬರೆಸಿದ್ದರೆ ಈ ಗೊಂದಲಕ್ಕೆ ಒಪ್ಪುತ್ತಿದ್ದನೇ? ನೆತ್ತಿಯ ಸೂರ್ಯಚಂದ್ರರೂ ಶೈವರ ಆಸ್ತಿಯಲ್ಲ. ಜೈನ ಬಸದಿಯ ದಾನಶಾಸನದ ಮೇಲೂ ಅವೇ ಇರುತ್ತವೆ. ದಾನ ಎಷ್ಟು ಕಾಲ ನಡೆಯಬೇಕು ಎಂಬುದಕ್ಕೆ ಅವು ಗುರುತು.

ಹೊಸನಗರ ತಾಲ್ಲೂಕಿನಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಹೊಂಬುಜ ಸಾಂತರರ ಪಟ್ಟಣ. ಚಟ್ಟಲದೇವಿಯ ಪಂಚಬಸದಿಯ ಶಾಸನ 1077ರದು. ಇಲ್ಲಿ ವೀರಗಲ್ಲಿನ ಜೊತೆಗೆ ನಿಸಿದಿಗಲ್ಲುಗಳೂ ಉಂಟು. ಜೈನರ ನಿಸಿದಿಯಲ್ಲಿ ಗುರು ಮತ್ತು ಸಲ್ಲೇಖನ (ಉಪವಾಸದ ಸಾವು) ಹಿಡಿದ ಶಿಷ್ಯ ಎದುರುಬದುರು ಕೂತಿರುತ್ತಾರೆ, ನಡುವೆ ಗ್ರಂಥವಿಡುವ ಠವಣೆಕೋಲು. ಮಲೆನಾಡಿನ ಮಳೆಗೆ ಸಿಕ್ಕು ಹಾವಸೆ ಕಟ್ಟಿ ಸವೆದ ಕಲ್ಲಿನಲ್ಲಿ ಎರಡು ಮನುಷ್ಯಾಕೃತಿಯ ನಡುವೆ ಒಂದು ಗಡ್ಡೆ ಮಾತ್ರ ಉಳಿಯುತ್ತದೆ. ಅದು ಲಿಂಗವೋ ಠವಣೆಕೋಲೋ?

ಇಲ್ಲಿ ನನ್ನ ಹಠ ಒಂದೇ: ಗಡ್ಡೆಯನ್ನು ನೋಡಬೇಡಿ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬೆಳಕಿನಲ್ಲಿ ಕೂತವರ ಮುಖ ನೋಡಿ. ಗೊರವನ ಮುಖ ಲಿಂಗದ ಕಡೆಗೆ, ಕೈ ಪೂಜೆಯಲ್ಲಿ. ವೀರ ಬದಿಯಲ್ಲಿ ಕೈಮುಗಿದವನು. ನಿಸಿದಿಯ ಗುರುವಿನ ಗಮನ ಶಿಷ್ಯನ ಮೇಲೆ. ಠವಣೆಕೋಲಿನ ನಡು ಸಣ್ಣ, ಮೇಲೂ ಕೆಳಗೂ ಅಗಲ. ಲಿಂಗಕ್ಕೆ ಕೆಳಗೆ ಪೀಠದ ಅಗಲವಿರುತ್ತದೆ, ಮೇಲೆ ಇರುವುದಿಲ್ಲ. ಕೊನೆಗೆ ಕೆಳಗಿನ ಪಟ್ಟಿಕೆ: ಅಲ್ಲಿ ಕತ್ತಿಯೋ ಬಿಲ್ಲೋ ಇದ್ದರೆ ಉಪವಾಸದ ಸಾವಿನ ಮಾತು ಬಿಡಬೇಕು. ಜಿನಬಿಂಬವಿರುವ ವೀರಗಲ್ಲುಗಳು ವಿರಳವಾಗಿ ಸಿಗುತ್ತವೆ. ಅವನ್ನು ಅವಸರದಲ್ಲಿ ನಿಸಿದಿಯ ರಾಶಿಗೆ ಹಾಕಿದವರ ಬಗ್ಗೆ ನನಗೆ ತಾಳ್ಮೆ ಕಡಿಮೆ. ಎಸ್. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ 1982ರಲ್ಲಿ ಸ್ಮಾರಕಶಿಲೆಗಳ ಸಂಪುಟ ತಂದರು, ಅದೇ ವರ್ಷ ಆರ್. ಶೇಷಶಾಸ್ತ್ರಿಗಳ ‘ಕರ್ನಾಟಕದ ವೀರಗಲ್ಲುಗಳು’ ಬಂತು. ಇಷ್ಟಾದ ಮೇಲೂ ಕಾಲಂ ಎಳೆಯುವುದಕ್ಕೆ ನೆವವಿಲ್ಲ.

ಸತಿ ಹೋದವಳ ನೆನಪಿನ ಮಾಸ್ತಿಕಲ್ಲಿನ ಮಾತು ಬೇಗ ಮುಗಿಯುತ್ತದೆ. ಕಂಬದಿಂದ ಹೊರಟು ಮೊಣಕೈಯಲ್ಲಿ ಬಾಗಿ ಮೇಲೆದ್ದ ಕೈ, ಬಳೆ, ನಿಂಬೆಹಣ್ಣು. ಮುತ್ತೈದೆತನದ ಆ ಕೈಗೆ ಯಾವ ಮತದ ಕಾಲಂ?

ಇದು ಬರೀ ಪಂಡಿತರ ಜಗಳವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ರಸ್ತೆ ಅಗಲವಾಗುತ್ತಿದೆ, ಕಲ್ಲು ಸರ್ಕಾರಿ ಜಾಗದಲ್ಲಿದೆ. ಹೆಸರು ಮರೆತ ವೀರ ಊರವರಿಗೆ ಭೂತಪ್ಪನೋ ಜಟ್ಟಿಗನೋ ಆಗಿದ್ದಾನೆ, ಮಾಸ್ತಿ ಚೌಡಿಯಾಗಿದ್ದಾಳೆ. ಅರಿಶಿನ ಕುಂಕುಮ ಬಿದ್ದಿದೆ. ಸಾರ್ವಜನಿಕ ಜಾಗದಲ್ಲಿ ಅನಧಿಕೃತವಾಗಿ ಹೊಸ ಧಾರ್ಮಿಕ ಕಟ್ಟಡ ಏಳಕೂಡದೆಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ನಂಜನಗೂಡು ತಾಲ್ಲೂಕಿನಲ್ಲಿ ಗುಡಿಯೊಂದನ್ನು ಕೆಡವಿದ ಗದ್ದಲದ ಬೆನ್ನಿಗೆ, ಆಗಲೇ ಇರುವ ಕಟ್ಟಡಗಳ ರಕ್ಷಣೆಗೆ ಕರ್ನಾಟಕ 2021ರಲ್ಲಿ ಕಾಯ್ದೆ ಮಾಡಿತು. ಕಲ್ಲಿನ ಮುಂದೆ ನಿಂತ ಎಂಜಿನಿಯರ್ ‘ಇದು ದೇವರೋ ಸ್ಮಾರಕವೋ’ ಎಂದರೆ ನಮ್ಮ ಪಟ್ಟಿಯ ‘ಶೈವ’ ಎಂಬ ಪದ ಅವರಿಗೆ ತಪ್ಪು ಉತ್ತರ ಕೊಡುತ್ತದೆ.

ಅಮೆರಿಕದ ಯೂಟಾದಲ್ಲೂ ಇದೇ ತೊಡಕು ಎದ್ದಿತ್ತು. ಕರ್ತವ್ಯದಲ್ಲಿ ಸತ್ತ ಹೆದ್ದಾರಿ ಪೊಲೀಸರಿಗೆ ರಸ್ತೆಬದಿಯಲ್ಲಿ 12 ಅಡಿಯ ಶಿಲುಬೆ ನಿಲ್ಲಿಸಿದ್ದರು. ಅದು ಸಾವಿನ ಗುರುತಷ್ಟೇ, ಅಲ್ಲಿ ಬಹುಮಂದಿ ಮಾರ್ಮನ್ನರು, ಅವರು ಶಿಲುಬೆಯನ್ನು ತಮ್ಮ ಮತದ ಗುರುತಾಗಿ ಬಳಸುವುದೇ ಇಲ್ಲ ಎಂಬ ವಾದ ಬಂತು. ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಒಪ್ಪಲಿಲ್ಲ: ದಾರಿಹೋಕನಿಗೆ ಅಲ್ಲಿ ಕಾಣುವುದು ಸರ್ಕಾರ ಮೆಚ್ಚಿದ ಮತವೇ. ಸತ್ತವನ ಮತ, ನೆಟ್ಟವರ ಉದ್ದೇಶ, ನೋಡುವವನ ಕಣ್ಣು ಮೂರೂ ಬೇರೆ ಎಂದು ಆ ನ್ಯಾಯಾಧೀಶರು ಎಣಿಸಿದ್ದನ್ನು ನಾವು ಒಂದೇ ಕಾಲಂನಲ್ಲಿ ತುರುಕಿದ್ದೆವು.

ನನ್ನ ಹಳೆಯ ಪಟ್ಟಿಯಲ್ಲಿ ‘ಮತ’ ಎಂಬುದನ್ನು ಹೊಡೆದುಹಾಕಿ ‘ಗೊರವನ ಮುಖ’, ‘ಆಯುಧ’, ‘ಈಗ ಊರವರು ಕರೆಯುವ ಹೆಸರು’ ಎಂದು ಮೂರು ಕಾಲಂ ಎಳೆದಿದ್ದೇನೆ. ಮೂರನೆಯದನ್ನು ತುಂಬಿಸಲು ಮತ್ತೆ ಊರೂರಿಗೆ ಹೋಗಬೇಕು.